ಹೆಂಡತಿಯ ತಮ್ಮ ಕೊಟ್ಟ ಕಾರು ನಡುಗಿದ್ದು

ನೆನಪನ್ನು ನಂಬಬೇಡಿ ಎಂದು ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನನಗೆ ಸಂಬಳ ಕೊಡುವುದೇ ಅದಕ್ಕೆ. ಧಾರವಾಡದಲ್ಲಿ ಮನಃಶಾಸ್ತ್ರ ಓದುವಾಗ ನನ್ನ ತಲೆಯೊಳಗೆ ಗಟ್ಟಿಯಾಗಿ ಕೂತದ್ದು ಇದೊಂದೇ: ಮನುಷ್ಯ ಕಂಡದ್ದನ್ನು ನೆನಪಿಡುವುದಿಲ್ಲ, ತನಗೆ ಬೇಕಾದದ್ದನ್ನು ಕಟ್ಟಿಕೊಂಡು ಅದಕ್ಕೆ ನೆನಪು ಎಂದು ಹೆಸರಿಡುತ್ತಾನೆ. ಈ ಜ್ಞಾನ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬಂತು, ಸಂಸಾರದಲ್ಲಿ ಮಾತ್ರ ಕೈಕೊಟ್ಟಿತು. ಕೊತ್ತಂಬರಿ ತರಲು ಹೇಳಿದ್ದೆ ಎಂದು ಹೆಂಡತಿ ಸುವರ್ಣಾ ಅಂದರೆ, ಹೇಳಿಲ್ಲ ಎನ್ನುವ ಧೈರ್ಯ ನನಗಿಲ್ಲ. ಹೇಳಿದ್ದಾಳೆಂದು ಒಪ್ಪುವ ಮನಸ್ಸೂ ಇಲ್ಲ. ಸಾಕ್ಷ್ಯ ಸಾಲದು ಎಂದು ಗೊಣಗುತ್ತ ಚೀಲ ಹಿಡಿದು ಮತ್ತೆ ಬಜಾರಕ್ಕೆ ಹೋಗುತ್ತೇನೆ.

ಇಂಥವನು ಹಳೆಯ ಕಾರು ಕೊಳ್ಳಬಾರದು. ಆದರೆ ಗಜೇಂದ್ರಗಡದಲ್ಲಿರುವ ಸುವರ್ಣಾಳ ತಮ್ಮ ಶರಣಪ್ಪ ದೊಡ್ಡ ಗಾಡಿ ತೆಗೆದುಕೊಂಡಾಗ, ಅವನ ಬಿಳಿಯ ಚಿಕ್ಕ ಕಾರು ನರಗುಂದಕ್ಕೆ ನಮ್ಮ ಮನೆಯ ಮುಂದೆ ಬಂದು ನಿಂತಿತು. ಆಗ ನನಗಾದ ಹಿಗ್ಗನ್ನು ಏನು ಹೇಳಲಿ! ಓಣಿಯ ಮೂಲೆಯ ಅಂಗಡಿಯಿಂದ ಬೆಂಕಿಪೆಟ್ಟಿಗೆ ತರಲೂ ಕಾರೇ ಬೇಕಾಯಿತು. ಅಂಗಡಿಗಿಂತ ಕಾರು ನಿಲ್ಲಿಸುವ ಜಾಗವೇ ದೂರವಾಗುತ್ತಿತ್ತು, ಅದು ಬೇರೆ ಮಾತು. ಮಳೆಗಾಲ ಶುರುವಾದ ಮೇಲೆ ಒಂದು ದಿನ ನವಲಗುಂದದ ರಸ್ತೆಯಲ್ಲಿ ಹೋಗುತ್ತಿದ್ದೆ. ವೇಗ ಎಪ್ಪತ್ತಕ್ಕೆ ಏರಿದ್ದೇ ತಡ, ಸ್ಟೇರಿಂಗು ಚಳಿಜ್ವರ ಬಂದವರಂತೆ ನಡುಗಿತು. ಅರವತ್ತಕ್ಕೆ ಇಳಿಸಿದೆ, ಸುಮ್ಮನಾಯಿತು. ಮತ್ತೆ ಏರಿಸಿದೆ, ಮತ್ತೆ ನಡುಕ.

ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನನಗೆ ಆನಂದವಾಯಿತು. ಎಂ.ಎ. ಮುಗಿದ ಮೇಲೆ ಒಂದೇ ಒಂದು ಪ್ರಯೋಗವನ್ನೂ ಮಾಡದವನ ಬಾಗಿಲಿಗೆ ಪ್ರಯೋಗಶಾಲೆಯೇ ಬಂದು ನಿಂತಿತ್ತು. ಊರಿನ ಗ್ಯಾರೇಜಿಗೆ ಓಡಿದೆ. ಮೇಸ್ತ್ರಿ ಮೌಲಾಸಾಬ ಕೇಳಿದ್ದು ಸರಳ ಪ್ರಶ್ನೆ: ನಡುಗುವುದು ಬ್ರೇಕು ಒತ್ತಿದಾಗಲೋ, ಹಾಗೇ ಓಡುವಾಗಲೋ? ಕಾರು ತಂದ ದಿನದಿಂದಲೋ, ಆಮೇಲೋ? ನನಗೆ ಎರಡೂ ಖಚಿತವಾಗಿ ನೆನಪಾಗಲಿಲ್ಲ. ತಂದ ದಿನವೂ ನಡುಗಿತ್ತು ಎಂದು ಒಮ್ಮೆ ಅನ್ನಿಸಿತು, ಅದು ನನ್ನ ಕೈಯೇ ಇರಬಹುದು ಎಂದು ಇನ್ನೊಮ್ಮೆ ಅನ್ನಿಸಿತು. ಹೀಗೆ ಅನ್ನಿಸುವುದು ಏಕೆ ಸಹಜ ಎಂದು ನಾನು ವಿವರಿಸಲು ಶುರುಮಾಡಿದಾಗ ಮೌಲಾಸಾಬ ಮೆಲ್ಲಗೆ ಪಕ್ಕದ ಟ್ರ್ಯಾಕ್ಟರಿನ ಕಡೆ ಹೋದ.

ಆದ್ದರಿಂದ ಸಾಕ್ಷಿ ಬೇಕಾಯಿತು. ಸುವರ್ಣಾಳನ್ನು ಪಕ್ಕದಲ್ಲಿ ಕೂರಿಸಿ, ಮುಂದಿನ ಗಾಜಿನ ಕೆಳಗೆ ಒಂದು ತಂಬಿಗೆ ನೀರಿಟ್ಟೆ. ಅರವತ್ತರವರೆಗೆ ನೀರು ಕೆರೆಯಂತೆ ಶಾಂತವಾಗಿತ್ತು. ಎಪ್ಪತ್ತಕ್ಕೆ ತಂಬಿಗೆ ಕುಣಿಯುತ್ತ ಬಂದು ಅವಳ ಮಡಿಲಲ್ಲಿ ಮಗುಚಿತು. ನಡುಗುವುದು ನಿಜ ಎಂದು ಅವಳು ಒಪ್ಪಿದಳು. ಆದರೆ ನಾನು ಶಿಸ್ತಿನ ಮನುಷ್ಯ. ನಾನು ಮೊದಲೇ ಹೇಳಿಟ್ಟಿದ್ದರಿಂದ ನಿನಗೂ ಹಾಗೆ ಅನ್ನಿಸಿರಬಹುದಲ್ಲ ಎಂದೆ.

"ಸೀರಿ ತೊಯ್ದದ್ದೂ ಅನಿಸಿದ್ದೇನ್ರಿ?" ಅಂದಳು.

ಗದಗಿನ ಟೈರಿನ ಅಂಗಡಿಗೆ ಹೋಗಿ, ಚಕ್ರಗಳನ್ನು ಯಂತ್ರಕ್ಕೆ ಹಾಕಿಸಿ ತೂಕ ಸರಿಮಾಡಿಸಿದೆ. ಅಂಗಡಿಯವರು ಚಕ್ರದೊಳಗೆ ಏನೋ ಕೆರೆದರು, ಏನೋ ಅಂಟಿಸಿದರು. ನಾನು ಯಂತ್ರದಲ್ಲಿ ಕುಣಿಯುವ ಅಂಕಿಗಳನ್ನು ನೋಡುವುದರಲ್ಲಿ ಮುಳುಗಿದ್ದೆ. ಬರುವಾಗ ಎಂಬತ್ತರಲ್ಲೂ ಸ್ಟೇರಿಂಗು ಮಿಸುಕಲಿಲ್ಲ. ನಾನು ಹಾಡಿದೆ. ವಾರ ಕಳೆಯುವುದರೊಳಗೆ ಅದೇ ನಡುಕ ಮತ್ತೆ ಬಂತು. ಇನ್ನೊಮ್ಮೆ ಗದಗಿಗೆ ಹೋದೆ. ಇನ್ನೊಮ್ಮೆ ಹಾಡಿದೆ. ಇನ್ನೊಮ್ಮೆ ನಡುಗಿತು. ಆಗ ಮೌಲಾಸಾಬನಿಂದ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿ ಓಡಿಸಿ ನೋಡಿದೆ. ನಡುಕ ಸ್ಟೇರಿಂಗು ಬಿಟ್ಟು ನಾನು ಕೂತ ಸೀಟಿಗೆ ಬಂದಿತ್ತು! ರೋಗ ಚಕ್ರದ್ದೇ ಎಂದಾಯಿತು. ಕುಣಿಯುವ ಸೀಟಿನ ಮೇಲೆ ನಾನೂ ಕುಣಿಯುತ್ತ ಮನೆಗೆ ಬಂದೆ. ಊಟಕ್ಕೆ ಕೂತಾಗ ತರ್ಕವನ್ನು ಒಂದೊಂದಾಗಿ ಬಿಡಿಸಿಟ್ಟೆ. ಯಂತ್ರಕ್ಕೆ ಹಾಕಿದರೂ ನಿಲ್ಲದ ನಡುಕ ಎಂದರೆ ಚಕ್ರದ ರಿಮ್ಮೇ ಸೊಟ್ಟ. ರಿಮ್ಮು ಸೊಟ್ಟಗಾಗಿದೆ ಎಂದರೆ ಕಾರು ಎಲ್ಲೋ ಜೋರಾಗಿ ಬಡಿದಿದೆ. ಬಡಿದದ್ದನ್ನು ಮಾರಿದವರು ನಮಗೆ ಹೇಳಿಲ್ಲ.

ಮಾರಿದವರು ಯಾರೆಂಬುದು ನನಗೆ ಆ ಕ್ಷಣಕ್ಕೆ ಮರೆತೇ ಹೋಗಿತ್ತು. ಸುವರ್ಣಾ ಮರೆತಿರಲಿಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಅಂದ್ರ, ನಮ್ಮ ಶರಣು ನಮಗ ಮೋಸ ಮಾಡ್ಯಾನಂತೀರಿ."

ನಾನು ಹಾಗೆ ಅನ್ನುತ್ತಿಲ್ಲ, ತರ್ಕ ಅನ್ನುತ್ತಿದೆ ಎಂದೆ.

"ಹಂಗಾರ ಕೇಳ್ರಿ. ಪಂಚಮಿ ಹತ್ರ ಬಂತು. ಇದು ಬಗಿಹರಿಯೂ ತನಾ ನಾ ಹಬ್ಬಕ್ಕ ತವರಮನಿಗೆ ಹೋಗಂಗಿಲ್ಲ. ಅವ ಮೋಸ ಮಾಡಿದ್ದು ಖರೇ ಇದ್ರ, ಅವನ ಮನಿ ಉಂಡಿ ನನಗ ಬ್ಯಾಡ. ಅಲ್ಲಂದ್ರ, ನೀವು ಅವನ ಮುಂದ ನಿಂತು ತಪ್ಪಾತು ಅನಬೇಕು."

ಮದುವೆಯಾದಾಗಿನಿಂದ ಪಂಚಮಿಗೆ ತವರಿಗೆ ಹೋಗದ ವರ್ಷವಿಲ್ಲ ಅವಳಿಗೆ. ಜೋಕಾಲಿ, ಉಂಡಿ, ತಮ್ಮ ಉಡಿಸುವ ಸೀರೆ ಎಲ್ಲವೂ ಈಗ ಒಂದು ರಿಮ್ಮಿನ ಮೇಲೆ ನಿಂತವು. ಸುವರ್ಣಾಳಿಂದ ಶರಣಪ್ಪನಿಗೆ ಫೋನು ಹೋಯಿತು. ಅವನು ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಾಡಿ ತೆಗೆದುಕೊಂಡು ಬರ್ರಿ, ಬ್ಯಾಡಾದರ ನಾನೇ ಇಟ್ಟುಕೊಳ್ಳುತ್ತೇನೆ, ಮನಸ್ಸು ಕೆಡಿಸಿಕೊಳ್ಳಬ್ಯಾಡ್ರಿ ಎಂದು ತಣ್ಣಗೆ ಹೇಳಿದನಂತೆ.

ಭಾನುವಾರ ಹೊರಟೆವು. ರೋಣ ದಾಟುವವರೆಗೆ ಅರವತ್ತರ ಮೇಲೆ ಹೋಗಲಿಲ್ಲ. ಗಜೇಂದ್ರಗಡದ ಗುಡ್ಡ ಕಾಣುವ ಹೊತ್ತಿಗೆ, ರಿಮ್ಮು ಸೊಟ್ಟಗಿರಲಿ ಎಂದು ಬೇಡಿಕೊಳ್ಳಬೇಕೋ ನೆಟ್ಟಗಿರಲಿ ಎಂದು ಬೇಡಿಕೊಳ್ಳಬೇಕೋ ನನಗೆ ತಿಳಿಯದಾಗಿತ್ತು. ನೆಟ್ಟಗಿದ್ದರೆ ನನ್ನ ತರ್ಕ ಹೋಗುತ್ತದೆ, ಸೊಟ್ಟಗಿದ್ದರೆ ಅವಳ ತವರು ಹೋಗುತ್ತದೆ. ಶರಣಪ್ಪ ನೀರು ಕೊಟ್ಟ, ಜಾಕು ತಂದ, ನಾನು ತೋರಿಸಿದ ಚಕ್ರ ಬಿಚ್ಚಿ ಒಳಮೈ ಮೇಲೆ ಮಾಡಿ ಅಂಗಳದಲ್ಲಿ ಮಲಗಿಸಿದ. ಮೂವರೂ ಬಗ್ಗಿ ನೋಡಿದೆವು. ರಿಮ್ಮು ಬಳೆಯಂತೆ ದುಂಡಗಿತ್ತು. ಅದರ ಒಳಗೆ ಒಂದೇ ಪಕ್ಕಕ್ಕೆ, ಬೆಲ್ಲದ ಪೆಂಟೆ ಒಡೆದು ಅಂಟಿಸಿದ ಹಾಗೆ, ಒಣಗಿ ಕಲ್ಲಾದ ಮಣ್ಣು. ಶರಣಪ್ಪ ಕಬ್ಬಿಣದ ರಾಡಿನಿಂದ ಒಂದು ಪೆಟ್ಟು ಹಾಕಿದ. ಅದು ಅವನ ಕೆಂಪು ಮಣ್ಣಿನ ಅಂಗಳದಲ್ಲಿ ಕಪ್ಪಗೆ, ದೊಡ್ಡದಾಗಿ ಬಿತ್ತು.

"ಮಾವಾರ," ಅಂದ ಶರಣಪ್ಪ, ಬಹಳ ಮರ್ಯಾದೆಯಿಂದ, "ಇದು ನಮ್ಮ ಕಡೆ ಮಣ್ಣಲ್ರಿ."

ಸುವರ್ಣಾ ಹೆಂಟೆಯನ್ನು ಕೈಗೆತ್ತಿಕೊಂಡಳು. "ಇದು ಚಿಕ್ಕನರಗುಂದದಾಗಿನ ನಮ್ಮ ಹೊಲದ ಎರಿಮಣ್ಣು. ಮೊದಲ ಮಳಿ ಹಿಡದಾಗೊಮ್ಮೆ, ಆಮ್ಯಾಲ ಗಾಡಿ ಚಲೋ ಆದಾಗೊಮ್ಮೆ, ಹೆಸರಿನ ಬೆಳಿ ನೋಡೂನು ಬಾ ಅಂತ ಖುಷೀಲೆ ಕೆಸರಾಗ ಹೊಡಕೊಂಡು ಹೋದ್ರಲ್ಲ, ಮರತ್ರೇನು?"

ಮರೆತಿದ್ದೆ. ದೇವರಾಣೆಗೂ ಮರೆತಿದ್ದೆ. ಮನೆ ಬಿಟ್ಟರೆ ಕಾಲೇಜು, ಇನ್ನೆಲ್ಲೂ ಹೋಗಿಲ್ಲ ಎಂದು ಮೌಲಾಸಾಬನಿಗೂ ಗದಗಿನವರಿಗೂ ಪ್ರಾಮಾಣಿಕವಾಗಿ ಹೇಳಿದ್ದೆ. ಕಾರಿನ ರೋಗದ ಒಂದೊಂದು ಲಕ್ಷಣವನ್ನೂ ಕಾದು ಕೂತವನಿಗೆ, ಅದು ವಾಸಿಯಾದ ಸಂತೋಷಕ್ಕೆ ತಾನು ಮಾಡಿದ್ದು ಮಾತ್ರ ಲೆಕ್ಕಕ್ಕೇ ಬಂದಿರಲಿಲ್ಲ. ಗದಗಿನಲ್ಲಿ ಕೆರೆದು ತೆಗೆದ ಮಣ್ಣನ್ನು ನಾನು ಹಬ್ಬದಂತೆ ಮತ್ತೆ ತುಂಬಿಕೊಂಡು ಬರುತ್ತಿದ್ದೆ. ಈ ಮಣ್ಣು ಮೊದಲಿನದೂ ಇರಬಹುದಲ್ಲ ಎಂದು ಬಾಯಿ ತೆರೆದೆ, ಸುವರ್ಣಾ ನೋಡಿದಳು, ಮುಚ್ಚಿದೆ. ನಾಲ್ಕೂ ಚಕ್ರ ತೊಳೆದು ಕುಷ್ಟಗಿಯ ರಸ್ತೆಗೆ ಹೋದೆವು. ಎಪ್ಪತ್ತು, ಎಂಬತ್ತು, ತೊಂಬತ್ತು! ಸ್ಟೇರಿಂಗು ತೊಟ್ಟಿಲ ಕೂಸಿನಂತೆ ನಿದ್ದೆ ಮಾಡುತ್ತಿತ್ತು. ನಾನು ಕೂಗಿದೆ, ಪಕ್ಕದಲ್ಲಿದ್ದ ಶರಣಪ್ಪನೂ ನಕ್ಕ. ಸುವರ್ಣಾ ಪಂಚಮಿಗೆಂದು ಅಲ್ಲೇ ಉಳಿದಳು. ನಾನು ಹಾಡುತ್ತ ಒಬ್ಬನೇ ನರಗುಂದಕ್ಕೆ ಬಂದೆ.

ಸಂಜೆ ಅವಳ ಫೋನು ಬಂತು. ತಮ್ಮನಿಗೆ ತಪ್ಪಾತು ಅಂದಿರೇನು ಎಂದು ಕೇಳಿದಳು. ಅಂದೆನಲ್ಲ! ಮಣ್ಣು ಬಿದ್ದ ಕೂಡಲೇ ಅಂದೆ. ನನಗೆ ಚಿತ್ರದಂತೆ ನೆನಪಿದೆ: ಅವನ ಹೆಗಲ ಮೇಲೆ ಕೈಯಿಟ್ಟಿದ್ದೆ, ಅವನ ಕಣ್ಣು ಒದ್ದೆಯಾಗಿತ್ತು.

"ನೀವು ಅಂದದ್ದು 'ಚಾ ಮಾಡೀರೇನು' ಅಂತ," ಅಂದಳು.

ಶರಣಪ್ಪನನ್ನೇ ಕೇಳಿದೆ. ಇರಲಿ ಬಿಡ್ರಿ ಮಾವಾರ ಎಂದ. ಇದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಆದ್ದರಿಂದ ನಾಳೆ ಮತ್ತೆ ಗಜೇಂದ್ರಗಡಕ್ಕೆ ಹೊರಟಿದ್ದೇನೆ, ಸಾಕ್ಷಿಯ ಎದುರಿಗೆ ಬಾಯಿ ಬಿಟ್ಟು ಹೇಳಲು. ಸಂಜೆಯಿಂದ ಕನ್ನಡಿಯ ಮುಂದೆ ನಿಂತು ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ಈಗ ಹೊಸ ಭಯ ಹುಟ್ಟಿದೆ. ಇಷ್ಟು ಸಲ ಹೇಳಿದ ಮೇಲೆ ನಾಳೆ ಅವನ ಮುಂದೆ ನಿಂತಾಗ, ಇದನ್ನು ಆಗಲೇ ಹೇಳಿ ಆಗಿದೆಯಲ್ಲ ಎಂದು ನನಗೆ ಖಾತ್ರಿಯಾಗಿ ನೆನಪಾಗಿಬಿಟ್ಟರೆ?