ಮದುಮಗಳ ತೂಕ, ಸೋದರಮಾವನ ತೋಳು

ದೇವರು ಕೆಲವರಿಗೆ ಮೈಕಟ್ಟು ಕೊಡುತ್ತಾನೆ. ಇನ್ನು ಕೆಲವರಿಗೆ ಅಂಗಿ ನೇತುಹಾಕಲು ಒಂದು ಅನುಕೂಲ ಮಾಡಿಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ನಾನು ಎರಡನೆಯ ಪಂಗಡದವನು. ನಮ್ಮ ವಿಮಾ ಕಚೇರಿಯಲ್ಲಿ ಫ್ಯಾನು ಜೋರಾಗಿ ತಿರುಗಿದರೆ ಗೆಳೆಯರು ಮೊದಲು ಕಾಗದಗಳನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ಹಾಗಂತ ನನಗೆ ಬೇಸರವೇನೂ ಇರಲಿಲ್ಲ. ರಾಯಚೂರಿನ ಸಿಟಿ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ಸೇರಿಕೊಳ್ಳಬಹುದು. ಅಂಗಿ ಹೊಲಿಸಲು ಕೊಟ್ಟರೆ ಉಳಿದ ಬಟ್ಟೆಯಲ್ಲಿ ಸಂತೆಗೆ ಒಯ್ಯುವ ಚೀಲವೂ ಆಗುತ್ತದೆ. ಬಡಕಲು ದೇಹಕ್ಕೂ ಅದರದೇ ಆದ ಸುಖಗಳಿವೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಮಾನ್ವಿಯ ನಮ್ಮ ಅಕ್ಕನ ಮಗಳು ಸುಮಾಳ ಮದುವೆ ಗೊತ್ತಾದಾಗ. ನಮ್ಮ ಮನೆತನದಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರುವುದು ಪದ್ಧತಿ. ಮದುಮಗಳು ಇನ್ನೂ ಆಡುವ ಕೂಸಾಗಿರುತ್ತಿದ್ದ ಕಾಲದಲ್ಲಿ ಯಾರೋ ಮಾಡಿಟ್ಟ ಪದ್ಧತಿ ಇರಬೇಕು. ಸುಮಾ ದೇವದುರ್ಗದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದವಳು. ಅವಳು ಕಾಲು ಹಿಡಿದಳೆಂದರೆ ಎದುರಾಳಿಗಳು ಗೆರೆ ಮುಟ್ಟುವ ಆಸೆ ಬಿಟ್ಟು ಅಲ್ಲೇ ಮಲಗಿಬಿಡುತ್ತಿದ್ದರು. ಅಕ್ಕನಿಗೆ ನಾನೊಬ್ಬನೇ ತಮ್ಮ.

"ಅಕ್ಕಾ, ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಈಗ ಎಲ್ಲಾರೂ ಹಂಗೇ ಮಾಡ್ತಾರ," ಎಂದೆ. ಅಕ್ಕ ತಮ್ಮನ ಮೈ ನೋಡಿ ಒಪ್ಪಿಬಿಡುವವಳಿದ್ದಳು. ಸುಮಾ ಒಪ್ಪಲಿಲ್ಲ.

"ಮಾಮಾ, ಅಪ್ಪ ಹೋದ ದಿನ ನೀನೇ ನನ್ನ ಎತ್ಕೊಂಡು ನಿಂತಿದ್ದಿ ಅಂತ ಅವ್ವ ಹೇಳ್ತಾಳ. ನನಗ ನೆಪ್ಪಿಲ್ಲ. ಈ ಸಲ ನೆಪ್ಪಿರೂ ಹಂಗ ಎತ್ತು."

ಇಂಥ ಮಾತಿಗೆ ಯಾವ ಮಾವ ತಾನೇ ಆಗುವುದಿಲ್ಲ ಎಂದಾನು? ಒಪ್ಪಿಕೊಂಡು, "ಹಂಗಾದ್ರ ನೀ ಒಂದೀಟು ತೂಕ ಇಳಿಸವ್ವಾ," ಎಂದೆ.

"ನಾ ಯಾಕ ಇಳಸ್ಲಿ? ನೀ ಬೆಳಿ!"

ಅಲ್ಲಿಂದ ನನ್ನ ದೇಹ ಸುಮಾಳ ಸುಪರ್ದಿಗೆ ಹೋಯಿತು. ಪ್ರತಿ ಭಾನುವಾರ ದೇವದುರ್ಗದಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು. ಪೇಟೆಯಲ್ಲಿ ಸಿಗುವ, ಮೈ ಬೆಳೆಸುವ ಪುಡಿಯ ಡಬ್ಬಿಯೊಂದನ್ನು ತರೋಣವೆಂದು ನಾನು ಬಾಯಿ ತೆಗೆದರೆ, "ಪುಡಿ, ಗುಳಿಗಿ, ಸೂಜಿ ಏನೂ ಬ್ಯಾಡ. ತತ್ತಿ, ಕಡ್ಲಿ, ಶೇಂಗಾ, ಮೊಸರು, ರೊಟ್ಟಿ, ಇಷ್ಟು ಹೊಟ್ಟಿ ತುಂಬ ತಿನ್ನು. ಭಾರ ಸ್ವಲ್ಪ ಸ್ವಲ್ಪನ ಏರಸು. ಚೆಂದಾಗಿ ಮಲ್ಕೋ. ಮಾಂಸಖಂಡ ಬೆಳೆಯೋದು ಮಲ್ಕೊಂಡಾಗ," ಎಂದಳು. ಈ ಕೊನೆಯ ಸಲಹೆಯನ್ನು ನಾನು ಬಹಳ ನಿಷ್ಠೆಯಿಂದ ಪಾಲಿಸಿದೆ, ಕಚೇರಿಯ ವೇಳೆಯಲ್ಲೂ ಬಿಡಲಿಲ್ಲ.

ಹೆಂಡತಿ ಮಾತ್ರ ಗರಂ ಆದಳು. "ಇಷ್ಟ್ ವರ್ಷ ನಾ ಮಾಡಿ ಹಾಕಿದ್ದು ಎಲ್ಲಿ ಹೋತು ಅಂತ ಮೊದ್ಲು ಹೇಳ್ರಿ. ಆಮ್ಯಾಲ ತತ್ತಿ ಕುದಸ್ತೀನಿ."

ಎಲ್ಲಿ ಹೋಯಿತೆಂದು ನನಗೂ ಗೊತ್ತಿರಲಿಲ್ಲ. ತತ್ತಿ ಕುದಿಯಿತು. ಮೊಳಕೆ ಬಂದ ಕಡಲೆಯನ್ನು ಬಟ್ಟಲುಗಟ್ಟಲೆ ತಿಂದೆ. ಅದರ ಫಲ ತೋಳಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಬೇರೆ ಕಡೆಯಿಂದ ಕೇಳಿಸತೊಡಗಿತು. ಒಂದು ಬೆಳಿಗ್ಗೆ ಕಚೇರಿಗೆ ಹೋದರೆ ನನ್ನ ಮೇಜು ಕಿಟಕಿಯ ಪಕ್ಕಕ್ಕೆ ಹೋಗಿತ್ತು.

ಕೆಲವು ವಾರ ಬಸ್ಕಿ, ದಂಡ ಆದ ಮೇಲೆ ಸುಮಾ ನನಗೆ ಅಕ್ಕಿ ಚೀಲಕ್ಕೆ ಬಡ್ತಿ ಕೊಟ್ಟಳು. ಮೊದಲು ಅರ್ಧ ಚೀಲ. ಅದನ್ನು ಮದುಮಗಳಂತೆ ಎರಡೂ ತೋಳಿನ ಮೇಲೆ ಮಲಗಿಸಿಕೊಂಡು ಮಾಳಿಗೆಯ ಮೇಲೆ ನಡೆಯಬೇಕು. ಬೆಳಗಿನ ಹೊತ್ತು ನಾನು ಏದುಸಿರು ಬಿಡುತ್ತ ಚೀಲ ಹೊತ್ತು ತಿರುಗುವುದನ್ನು ಪಕ್ಕದ ಮನೆಯ ಹಿರಿಯರೊಬ್ಬರು ನೋಡಿ, "ಯಾಕ್ರೀ ಸಾಹೇಬ್ರ, ಮನಿ ಖಾಲಿ ಮಾಡಾಕತ್ತೀರೇನು?" ಎಂದು ಕೇಳಿದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ, ತಲೆಯಾಡಿಸಿದೆ. ಅವರು ಅದನ್ನು ಹೌದೆಂದುಕೊಂಡರು. ಸಂಜೆ ನಮ್ಮ ಮನೆಯ ಮಾಲೀಕರು ಬಾಡಿಗೆ ಮನೆ ಹುಡುಕುತ್ತಿದ್ದ ಗಂಡ ಹೆಂಡತಿ ಇಬ್ಬರನ್ನು ಕರೆತಂದು ನಮ್ಮ ಅಡುಗೆಮನೆ ತೋರಿಸಿದರು. ಬಂದವರಿಗೆ ಮನೆ ಹಿಡಿಸಿತು. ಅವರನ್ನು ವಾಪಸು ಕಳಿಸಲು ಹೆಂಡತಿ ಎರಡು ಸಲ ಚಹಾ ಮಾಡಬೇಕಾಯಿತು.

ಅಂತೂ ತಿಂಗಳುಗಳು ಉರುಳಿದ ಮೇಲೆ ನನ್ನ ತೋಳಿನಲ್ಲಿ ನಿಂಬೆಹಣ್ಣಿನಷ್ಟು ಗಂಟೊಂದು ಎದ್ದಿತು. ಕುಣಿಯುತ್ತ ಹೋಗಿ ಹೆಂಡತಿಗೆ ತೋರಿಸಿದೆ. ಅವಳು ಮುಟ್ಟಿ ನೋಡಿ, "ಏನೋ ಕಡದದ ನೋಡ್ರಿ. ಡಾಕ್ಟರಿಗೆ ತೋರಸ್ರಿ," ಎಂದಳು.

ಮದುವೆ ಮಾನ್ವಿಯ ಕಲ್ಯಾಣ ಮಂಟಪವೊಂದರಲ್ಲಿ. ಸುಮಾಳ ತೂಕಕ್ಕೆ ನಾನು ಸಿದ್ಧನಾಗಿದ್ದೆ. ಆದರೆ ಜರಿ ಸೀರೆ, ಬಳೆ, ಡಾಬು, ಮೊಳಗಟ್ಟಲೆ ಹೂವು, ಇವುಗಳ ತೂಕ ನಮ್ಮಿಬ್ಬರ ಲೆಕ್ಕದಲ್ಲೂ ಇರಲಿಲ್ಲ. ಮೊಣಕಾಲು ಮಡಿಸಿ, ಬೆನ್ನು ನೇರ ಮಾಡಿ, ಎತ್ತಿದೆ. ಎದ್ದಳು! ವಾಲಗದ ಸದ್ದು ಎಲ್ಲೋ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಮಂಟಪ ಹತ್ತಿರ ಬರುವ ಬದಲು ಹಿಂದೆ ಸರಿಯುತ್ತಿತ್ತು. "ಮಾಮಾ, ಉಸಿರು ಬಿಡು," ಎಂದು ಸುಮಾ ಕಿವಿಯಲ್ಲಿ ಹೇಳಿದಳು. ಬಿಟ್ಟೆ. ಅವಳನ್ನು ಮಣೆಯ ಮೇಲೆ ಕೂರಿಸಿ ತಲೆಯೆತ್ತಿದರೆ ಎದುರಿಗೆ ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸುಮಾಳ ಕಣ್ಣೂ ಒದ್ದೆ. ನನಗೂ ಅಳು ಬಂದಿತ್ತು. ಅದು ಪ್ರೀತಿಗೋ ಸೊಂಟಕ್ಕೋ ಎಂದು ಈಗಲೂ ಬಿಡಿಸಿ ಹೇಳಲಾರೆ.

ಆಗ ವೀಡಿಯೊದವನು ಓಡಿಬಂದ. "ಸರ್, ನಡುವ ಯಾರೋ ಅಡ್ಡ ಬಂದ್ರು. ಬರೇ ಅವರ ಬೆನ್ನು ಬಂದದ. ಇನ್ನೊಮ್ಮಿ ಎತ್ರಿ."

ಆ ಮಾತು ಕೇಳಿ ನಾನು ಮಣೆಯ ಪಕ್ಕದಲ್ಲೇ ಕುಳಿತುಬಿಟ್ಟೆ. ಸುಮಾ ತನ್ನ ಕಬಡ್ಡಿ ಗೆಳತಿಯರಿಬ್ಬರಿಗೆ ಕಣ್ಸನ್ನೆ ಮಾಡಿದಳು. ಅವರು ಬಗ್ಗಿ ಕೆಳಗಿನಿಂದ ಅವಳನ್ನು ಹೊತ್ತುಕೊಂಡರು. "ಸೊಂಟದ ಮ್ಯಾಲಷ್ಟೇ ತೆಗೀ ಅಣ್ಣಾ," ಎಂದು ವೀಡಿಯೊದವನಿಗೆ ಹೇಳಿದಳು. ನಾನು ಕೈ ಸುಮ್ಮನೆ ಮುಂದೆ ಚಾಚಿಕೊಂಡು, ನಗುತ್ತ, ನೆಂಟರಿಗೆ ತಲೆಬಾಗಿ ನಮಸ್ಕಾರ ಹೇಳುತ್ತ ನಡೆದುಬಂದೆ.

ಆ ವೀಡಿಯೊ ಈಗ ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಊರು ಸುತ್ತಿದೆ. "ಏನ್ರೀ ಇದು, ಒಂದು ಹನಿ ಬೆವರಿಲ್ಲ!" ಎಂದು ನಮ್ಮ ಮ್ಯಾನೇಜರರು ಬೆರಗಾದರು. ನಾನು ಪ್ರಾಮಾಣಿಕವಾಗಿ ನಡೆದದ್ದನ್ನು ಹೇಳಿದೆ: ಇದು ಎತ್ತಿದಂತೆ ಮಾಡಿದ ನಾಟಕ, ಆದರೆ ಇದಕ್ಕೂ ಮೊದಲು ನಿಜವಾಗಿಯೂ ಎತ್ತಿದ್ದೆ ಎಂದು. ಜನ ಮೊದಲ ಅರ್ಧವನ್ನು ತಕ್ಷಣ ನಂಬಿದರು. ಎರಡನೆಯ ಅರ್ಧಕ್ಕೆ ನಕ್ಕರು.

ಸುಮ್ಮನಿದ್ದುಬಿಡಬೇಕಿತ್ತು. ಆದರೆ ಬೆಳೆಸಿದ ತೋಳು ಸುಮ್ಮನಿರಲು ಬಿಡುತ್ತದೆಯೇ? ಮೊನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಂಗಿಯ ತೋಳು ಮೇಲೇರಿಸಿ, ಮುಷ್ಟಿ ಬಿಗಿದು, "ನೋಡ್ರಿ, ಪುಡಿ ಇಲ್ಲ, ಗುಳಿಗಿ ಇಲ್ಲ, ಬರೇ ಕಡ್ಲಿ ಮತ್ತ ಕಷ್ಟ," ಎಂದು ಮ್ಯಾನೇಜರರ ಮುಂದೆ ಹಿಡಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಹತ್ತಿರ ಬಗ್ಗಿ, ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ತುಂಬ ಮರ್ಯಾದೆಯಿಂದ ಕೇಳಿದರು:

"ಯಾವ ಕೈರೀ?"