ರಾಯರ ಸ್ಕೂಟರಿಗೆ ಆನ್‌ಲೈನ್ ಆಯಿಲ್

ಗುರುವಾರ ಸಂಜೆ ಬಿಲ್ಡಿಂಗಿನ ಗೇಟಿನ ಬಳಿ ಪುಂಡರೀಕಾಕ್ಷ ರಾಯರು ‘ಹೂಂ’ ಎಂದದ್ದೇ ಎಲ್ಲ ಅನಾಹುತಕ್ಕೆ ಮೂಲ.

ಸೊಸೈಟಿಯ ಸೆಕ್ರೆಟರಿ ವಸಂತಕುಮಾರ ಅವರನ್ನು ಅಲ್ಲಿ ತಡೆದು ನಿಲ್ಲಿಸಿ ಮಾತಾಡಿಸಿದ್ದ. ಡೊಂಬಿವಲಿಯ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ರಾಯರನ್ನು ಯಾರಾದರೂ ನಿಲ್ಲಿಸಿ ಮಾತಾಡಿಸಿ ಬಹಳ ಕಾಲವಾಗಿತ್ತು. ಹೆಂಡತಿ ವಾರಿಜಾ ತೀರಿಕೊಂಡು ಮೂರು ವರ್ಷ. ಮಕ್ಕಳಿಲ್ಲ. ಸ್ಟೇಶನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಬೋಂಡಾ ಕರಿದು ನಿವೃತ್ತರಾದ ಮೇಲೆ ಸ್ವಲ್ಪ ದಿನ ಟಿವಿಯ ಜೊತೆ ಮಾತಾಡಿ ನೋಡಿದರು. ಅದು ತನ್ನದೇ ಹೇಳುತ್ತದೆ, ಕೇಳುವುದಿಲ್ಲ ಎಂದು ಬೇಸರವಾಗಿ ಬಿಟ್ಟುಬಿಟ್ಟರು. ಇಂಥ ಮನುಷ್ಯನ ಜೊತೆ ವಸಂತಕುಮಾರ ಹತ್ತು ನಿಮಿಷ ಬಿಡದೆ ಮಾತಾಡಿದರೆ ಅವರು ಯಾವುದಕ್ಕೆ ತಾನೇ ಹೂಂ ಎನ್ನಲಿಕ್ಕಿಲ್ಲ?

“ರಾಯರೇ, ನೀವು ತಿಂಗಳು ತಿಂಗಳು ಶಹಾಡಿಗೆ ಹೋಗಿ ಸ್ಕೂಟರಿನ ಆಯಿಲ್ ಚೇಂಜ್ ಮಾಡಿಸ್ತೀರಂತೆ? ಎಂತ ಮಾರಾಯ್ರೆ, ಗಾಡಿಯಾ, ಬಾಣಂತಿಯಾ? ಆನ್‌ಲೈನ್ ಕಂಪನಿಯವರು ಈಗ ಅವರದ್ದೇ ಹೆಸರಿನ ಆಯಿಲ್ ಬಿಟ್ಟಿದ್ದಾರೆ. ರೇಟು ಅರ್ಧ. ದೊಡ್ಡ ದೊಡ್ಡ ಬ್ರಾಂಡಿಗೆಲ್ಲ ಟಕ್ಕರ್ ಕೊಡ್ತದೆ. ಒಮ್ಮೆ ಹಾಕಿದ್ರೆ ಮೂರು ಸಾವಿರ ಕಿಲೋಮೀಟರ್ ತಿರುಗಿ ನೋಡುದು ಬೇಡ.”

ಪಕ್ಕದಲ್ಲಿ ನಿಂತಿದ್ದ ಅವನ ಮಗಳು ನಿಕಿತಾ ಮೊಬೈಲಿನಿಂದ ತಲೆ ಎತ್ತದೆ, “ರಿವ್ಯೂ ಅಚ್ಛಾ ಹೈ ಅಂಕಲ್. ಮಂಗ್ವಾ ದೂಂ?” ಎಂದು, ತರಿಸಿಬಿಡಲೇ ಎಂದು ಕೇಳಿದಳು.

ರಾಯರು ಹೂಂ ಎಂದರು. ಮೂರನೇ ಮಾಳಿಗೆಗೆ ಹತ್ತಿ ಬಾಗಿಲು ತೆರೆದ ಮೇಲೆಯೇ ತಾವು ಒಪ್ಪಿದ್ದು ಏನಕ್ಕೆ ಎಂಬುದು ಅವರ ತಲೆಗೆ ಹೋಯಿತು.

ಸಂಗತಿ ಹೀಗೆ. ಶಹಾಡಿನಲ್ಲಿ ಪಡುಬಿದ್ರೆಯ ಜಯಶೀಲ ಎಂಬವನ ಗ್ಯಾರೇಜಿದೆ. ಪ್ರತಿ ತಿಂಗಳ ಮೊದಲ ಭಾನುವಾರ ರಾಯರು ಅಲ್ಲಿಗೆ ಹೋಗಿ, ಆಯಿಲ್ ಬದಲಾಯಿಸಲು ಹೇಳಿ, ಬೆಂಚಿನ ಮೇಲೆ ಕೂರುತ್ತಿದ್ದರು. ಆಯಿಲ್ ಬದಲಾಯಿಸಲು ಬೇಕಾದದ್ದು ಕಾಲು ಗಂಟೆ. ರಾಯರು ಕೂರುತ್ತಿದ್ದದ್ದು ಎರಡೂವರೆ ಗಂಟೆ. ಊರಿನ ಸುದ್ದಿ, ವಾರಿಜಾಳ ಸುದ್ದಿ, ಸುಟ್ಟ ಬೋಂಡಾದ ಸುದ್ದಿ, ಎಲ್ಲ ತುಳುವಿನಲ್ಲಿ. ಇಡೀ ತಿಂಗಳಲ್ಲಿ ಅವರು ಹೊಟ್ಟೆ ತುಂಬ ಮಾತಾಡುತ್ತಿದ್ದುದು ಅಷ್ಟೇ. “ಇಷ್ಟು ಬೇಗ ಬೇಡ ರಾಯರೇ” ಎಂದು ಜಯಶೀಲ ಮೊದಮೊದಲು ಹೇಳಿದ್ದುಂಟು. “ಹೋಟೆಲಿನಲ್ಲಿ ಬಾಣಲೆಯ ಎಣ್ಣೆ ದಿನಾ ಬದಲಾಯಿಸಿದವ ನಾನು. ಹಳೇ ಎಣ್ಣೆ ನನಗಾಗುದಿಲ್ಲ” ಎಂದು ರಾಯರು ಅವನ ಬಾಯಿ ಮುಚ್ಚಿಸಿದ್ದರು. ಭಾನುವಾರ ಬೇರೆ ಒಬ್ಬ ಗಿರಾಕಿಯೂ ಅಲ್ಲಿ ಕಾಣಿಸದ ಕಾರಣ, ಪಾಪ, ತಾನೂ ಹೋಗದಿದ್ದರೆ ಅವನ ಗತಿಯೇನು ಎಂದು ಅವರಿಗೆ ಒಳಗೊಳಗೇ ಹೆಮ್ಮೆ ಬೇರೆ.

ಈಗ ಮೂರು ಸಾವಿರ ಕಿಲೋಮೀಟರ್! ರಾಯರ ಸ್ಕೂಟರ್ ಓಡುವುದು ತರಕಾರಿ ಮಾರ್ಕೆಟಿಗೆ ಮತ್ತು ಮಠಕ್ಕೆ. ಆ ಆಯಿಲ್ ನಿಜವಾಗಿ ಚೆನ್ನಾಗಿದ್ದರೆ ಬೆಂಚಿಗೆ ಹೋಗಲು ನೆಪವೇ ಉಳಿಯುವುದಿಲ್ಲ. ಆಯಿಲ್ ಕೆಟ್ಟದ್ದಾಗಿರಲಿ ಎಂದು ಅವರು ಆ ರಾತ್ರಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಆ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಜಾತ್ರೆಯೇ ನೆರೆದಿತ್ತು. ಆಯಿಲ್ ಡಬ್ಬಿ ಬಂದಿತ್ತು. ವಸಂತಕುಮಾರ ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಬೋಲ್ಟ್ ಬಿಚ್ಚುವ ಪಾನಾ ಹಿಡಿದು, ಇದು ಇಡೀ ಸೊಸೈಟಿಯ ಪರವಾಗಿ ನಡೆಯುವ ಪರೀಕ್ಷೆ ಎಂದು ಸಾರಿದ. ಪರೀಕ್ಷೆಗೆ ತನ್ನ ಗಾಡಿಯನ್ನು ಕೊಡಲು ಮಾತ್ರ ಅವನಿಗೆ ತೋಚಲಿಲ್ಲ.

“ಅಗ್ಗದ್ದು ಅಂದ್ರೆ ಅಗ್ಗದ್ದೇ. ಇಂಜಿನ್ ಜಾಮ್ ಆಗ್ತದೆ ನೋಡಿ” ಎಂದ ಎರಡನೇ ಮಾಳಿಗೆಯ ಮಧ್ವೇಶ.

“ಜಾಮ್ ಆದ್ರೆ ಗೊತ್ತಾಗ್ತದಲ್ಲ, ಅದಕ್ಕೇ ಟೆಸ್ಟ್!” ಎಂದ ವಸಂತಕುಮಾರ.

ಯಾರೋ ರಾಯರಿಗೆ ಕುರ್ಚಿ ತಂದುಕೊಟ್ಟರು. ಯಾರೋ ಚಹಾ ಕೊಟ್ಟರು. ಇಷ್ಟು ಜನ ತನ್ನ ಸುತ್ತ ನಿಂತದ್ದು ವಾರಿಜಾ ಹೋದ ದಿನವೇ ಕೊನೆ ಎಂದು ರಾಯರಿಗೆ ನೆನಪಾಯಿತು. ಆದರೂ ಸುಳ್ಳು ಹೇಳಬಾರದು, ಅವರಿಗೆ ಖುಷಿಯಾಯಿತು.

ಹಳೇ ಆಯಿಲ್ ಇಳಿಸಲು ನೆಲ ಅಂತಸ್ತಿನ ಸುಂದರಿ ಅಕ್ಕ ಒಂದು ಐಸ್‌ಕ್ರೀಂ ಡಬ್ಬಿ ಕೊಟ್ಟಿದ್ದರು. ವಸಂತಕುಮಾರ ಅದನ್ನು ಎಡಕ್ಕೆ ಇಟ್ಟು ಬೋಲ್ಟ್ ತಿರುಗಿಸಿದ. ಆಯಿಲ್ ಬಲಕ್ಕೆ ಚಿಮ್ಮಿತು. ಡಬ್ಬಿಯನ್ನು ಬಲಕ್ಕೆ ತಳ್ಳುವಷ್ಟರಲ್ಲಿ ಮಧ್ವೇಶನ ಕಾಲು ತಾಗಿ ಅದು ಮಗುಚಿತು. ಕರೀ ಎಣ್ಣೆ ಇಳಿಜಾರು ಹಿಡಿದು ನೆಟ್ಟಗೆ ಸುಂದರಿ ಅಕ್ಕನ ಬಾಗಿಲಿನ ರಂಗೋಲಿಗೆ ನಡೆಯಿತು.

“ಅಯ್ಯೋ ನಿಮ್ಮ ಮಂಡೆಗಿಷ್ಟು! ಬೆಳಿಗ್ಗೆ ಆರಕ್ಕೆ ಎದ್ದು ಹಾಕಿದ್ದು ನಾನು! ರಾಯರೇ, ನೀವಾದ್ರೂ ನೋಡುದಲ್ವಾ? ಕಣ್ಣು ಕಾಣುದಿಲ್ವಾ ನಿಮಗೆ?” ಎಂದು ಸುಂದರಿ ಅಕ್ಕ ಐದು ನಿಮಿಷ ಝಾಡಿಸಿದರು. ತನ್ನನ್ನು ಹೀಗೆ ಮನಸ್ಸಿಟ್ಟು ಬೈಯುವವರು ಮೂರು ವರ್ಷದಿಂದ ಯಾರೂ ಇರಲಿಲ್ಲವಾದ್ದರಿಂದ ರಾಯರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

ಹೊಸ ಆಯಿಲ್ ಹೊಯ್ದದ್ದಾಯಿತು. “ಕಲ್ಯಾಣಿನ ಕಡೆ ಒಂದು ರೌಂಡ್ ಹೊಡೆದು ಬನ್ನಿ. ರಿಸಲ್ಟ್ ಹೇಳಿ. ನಾವು ಇಲ್ಲೇ ಇರ್ತೇವೆ” ಎಂದು ವಸಂತಕುಮಾರ ಬೀಳ್ಕೊಟ್ಟ.

ಸ್ಕೂಟರ್ ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಗಡಗಡ ಇಲ್ಲ, ನಡುಕ ಇಲ್ಲ. ಹೊಂಡ ಕಂಡಲ್ಲೆಲ್ಲ ರಾಯರು ಬೇಕೆಂದೇ ಇಳಿಸಿ ನೋಡಿದರು. ಅವರ ಸೊಂಟ ನೋಯಿತು, ಸ್ಕೂಟರಿಗೆ ಏನೂ ಆಗಲಿಲ್ಲ. ಅದು ಚೆನ್ನಾಗಿ ಓಡಿದಷ್ಟೂ ರಾಯರ ಮುಖ ಸಣ್ಣದಾಗುತ್ತ ಹೋಯಿತು.

ವಿಠ್ಠಲವಾಡಿ ಬರುವಾಗ ತಡೆಯಲಾಗದೆ ಬದಿಗೆ ನಿಲ್ಲಿಸಿ, ಆಯಿಲ್ ನೋಡುವ ಕಡ್ಡಿ ಎಳೆದರು. ಬೆಳಿಗ್ಗೆ ಜೇನಿನ ಬಣ್ಣಕ್ಕಿದ್ದ ಆಯಿಲ್ ಕಪ್ಪಾಗಿತ್ತು!

ರಾಯರು ರಸ್ತೆಯಲ್ಲೇ ನಕ್ಕುಬಿಟ್ಟರು. ಕಪ್ಪಾದ ಎಣ್ಣೆ ಎಂದರೆ ಏನೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅಂಥ ಎಣ್ಣೆಯನ್ನು ಎಷ್ಟು ಬಾಣಲೆ ಚೆಲ್ಲಿಸಿರಲಿಕ್ಕಿಲ್ಲ! ಆನ್‌ಲೈನ್ ಆಯಿಲ್ ಸತ್ತಿತ್ತು. ಬೆಂಚು ಉಳಿದಿತ್ತು. ದೇವರಿಗೆ ಮನಸ್ಸಿನಲ್ಲೇ ಕೈಮುಗಿದು ಶಹಾಡಿಗೆ ಗಾಡಿ ಬಿಟ್ಟರು.

ಜಯಶೀಲ ಅರ್ಧ ಶಟರ್ ಎತ್ತಿ, ಬೆಂಚಿನ ಮೇಲೆ ಆಕಳಿಸುತ್ತ ಕೂತಿದ್ದ.

“ಎಂತ ರಾಯರೇ, ಇವತ್ತು ತಡ?”

“ತಪ್ಪಾಯ್ತು ಮಾರಾಯ. ಜನರ ಮಾತು ಕೇಳಿ ಆನ್‌ಲೈನಿನ ಆಯಿಲ್ ಹಾಕಿದೆ. ನೋಡು, ಹನ್ನೆರಡು ಕಿಲೋಮೀಟರಿಗೆ ಕಪ್ಪಾಯ್ತು. ತೆಗೆದು ಬಿಸಾಡು. ನಿನ್ನದ್ದೇ ಹಾಕು. ಇನ್ನು ಯಾವಾಗ್ಲೂ ನಿನ್ನದ್ದೇ.” ಹೇಳುತ್ತಲೇ ರಾಯರು ಬೆಂಚಿನ ಮೇಲೆ ಆರಾಮವಾಗಿ ಕೂತರು.

ಜಯಶೀಲ ಕಡ್ಡಿ ಎಳೆದು, ಆಯಿಲನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದ. ಸ್ಕೂಟರಿನ ಡಿಕ್ಕಿಯಲ್ಲಿದ್ದ ಹೊಸ ಆಯಿಲಿನ ಖಾಲಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದ.

“ಯಾರು ಹೇಳಿದ್ದು ಕೆಟ್ಟಿದೆ ಅಂತ? ಇದು ಬೋಂಡಾದ ಎಣ್ಣೆ ಅಲ್ಲ ರಾಯರೇ. ಒಳಗಿನ ಕೊಳೆ ಎಳೆದ್ರೆ ಕಪ್ಪಾಗ್ಲೇಬೇಕು. ಕಪ್ಪಾಗಿದೆ ಅಂದ್ರೆ ಕೆಲಸ ಮಾಡ್ತಾ ಉಂಟು ಅಂತ. ನಾನು ಹಾಕುದೂ ಇದೇ ಗ್ರೇಡ್. ಫಸ್ಟ್‌ಕ್ಲಾಸ್ ಮಾಲು!”

“ಫಸ್ಟ್‌ಕ್ಲಾಸಾ?” ರಾಯರ ದನಿ ಇಳಿಯಿತು. “ಹಾಗಾದ್ರೆ ಮುಂದಿನ ತಿಂಗಳು...”

“ಮುಂದಿನ ತಿಂಗಳು ಎಂತದ್ದು? ಮೂರು ಸಾವಿರ ಓಡಿದ ಮೇಲೆ ಬನ್ನಿ. ನಿಮ್ಮ ಓಡಾಟಕ್ಕೆ ಒಂದು ವರ್ಷ ಧಾರಾಳ.”

ರಾಯರು ಕೊನೆಯ ಅಸ್ತ್ರ ತೆಗೆದರು. “ಅಲ್ಲ ಜಯಶೀಲ, ನಿನ್ನ ಗತಿ ಎಂತ? ಭಾನುವಾರ ನಾನೊಬ್ಬ ಬಿಟ್ರೆ ನಿನಗೆ ಗಿರಾಕಿಯೇ ಇಲ್ಲ.”

ಜಯಶೀಲ ಕೈ ಒರೆಸಿಕೊಂಡು ನಕ್ಕ.

“ಬೇಜಾರು ಮಾಡ್ಬೇಡಿ, ಇವತ್ತು ಹೇಳಿಬಿಡ್ತೇನೆ. ಭಾನುವಾರ ನನ್ನ ಗ್ಯಾರೇಜಿಗೆ ರಜೆ. ವಾರಿಜಮ್ಮ ಹೋದ ಮರುತಿಂಗಳು ನೀವು ಬಂದು ಶಟರ್ ಬಡಿದ್ರಿ. ನಾನು ಮರೆತ ಸಾಮಾನು ಒಂದು ತಗೊಂಡು ಹೋಗ್ಲಿಕ್ಕೆ ಬಂದವ ಒಳಗಿದ್ದೆ. ಹೋಗಿ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಹೋಟೆಲಿನವರು, ಶಿಸ್ತಿನವರು, ಆಯಿಲ್ ಬದಲಾಯಿಸದಿದ್ರೆ ನಿಮಗೆ ನಿದ್ದೆ ಬರುದಿಲ್ಲ ಅಂತ ತಿಂಗಳು ತಿಂಗಳು ನಿಮಗೋಸ್ಕರ ಬಾಗಿಲು ತೆಗೆದೆ. ಮನೆಯಲ್ಲಿ ಹೆಂಡತಿ ಮೂರು ವರ್ಷದಿಂದ ಬೈತಾಳೆ. ಇನ್ನು ಭಾನುವಾರ ಹೆಂಡತಿ ಮಕ್ಕಳ ಜೊತೆ ಊಟ. ಆ ಕಂಪನಿಯವರು ನೂರು ವರ್ಷ ಬಾಳ್ಲಿ!”

ನಾನು ಆಯಿಲಿಗೆ ಬಂದದ್ದಲ್ಲ ಮಾರಾಯ, ನಿನ್ನ ಜೊತೆ ಕೂರಲು ಬಂದದ್ದು ಎಂದು ಹೇಳಿದ್ದರೆ ಆಗುತ್ತಿತ್ತು. ಆ ಮಾತು ರಾಯರ ಗಂಟಲಿನವರೆಗೆ ಬಂತು. ಅಳುವೂ ಬಂತು. ಆದರೆ ಎದುರಿಗೆ ಜಯಶೀಲನ ಮುಖ ಶಾಲೆ ಬಿಟ್ಟ ಮಗುವಿನ ಹಾಗೆ ಅರಳಿತ್ತು. ಆ ಮುಖಕ್ಕೆ ಹಾಗೆ ಹೇಳುವುದು ಹೇಗೆ?

“ನನಗೂ ಅನುಕೂಲವೇ ಆಯ್ತು” ಎಂದರು ರಾಯರು. “ಇಷ್ಟು ದೂರ ಬರುದು ನನಗೂ ದೊಡ್ಡ ತಲೆನೋವಾಗಿತ್ತು.”

“ನೋಡಿ! ಮೊದಲೇ ಹೇಳುದಲ್ವಾ?” ಎಂದು ಜಯಶೀಲ ಶಟರ್ ಎಳೆದು ಬೀಗ ಹಾಕಿ, ಮಧ್ಯಾಹ್ನಕ್ಕೆ ಕೋಳಿ ತರಬೇಕೆಂದು ಅವಸರದಲ್ಲಿ ಹೊರಟೇಹೋದ.

ಫೋನ್ ಬಂತು. ವಸಂತಕುಮಾರ. “ರಿಸಲ್ಟ್ ಎಂತ ರಾಯರೇ?”

“ಫಸ್ಟ್‌ಕ್ಲಾಸ್ ಅಂತೆ.”

ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. “ನಾನು ಹೇಳಿಲ್ವಾ! ಸರಿ ಹಾಗಾದ್ರೆ, ನಾವೆಲ್ಲ ಮೇಲೆ ಹೋಗ್ತೇವೆ. ಮ್ಯಾಚ್ ಉಂಟು.” ಫೋನ್ ಕಟ್ಟಾಯಿತು.

ರಾಯರು ಮೀಟರ್ ನೋಡಿದರು. ಬೆಳಿಗ್ಗೆಯಿಂದ ಹನ್ನೆರಡು. ಮೂರು ಸಾವಿರದಲ್ಲಿ ಹನ್ನೆರಡು ಕಳೆದು, ಮತ್ತೆ ಶಹಾಡಿಗೆ ಬರಲು ಇನ್ನೆಷ್ಟು ಓಡಬೇಕೆಂದು ಲೆಕ್ಕ ಹಾಕಿದರು. ಕಲ್ಯಾಣಿಗೆ ಬಂದವರು ಡೊಂಬಿವಲಿಗೆ ತಿರುಗದೆ, ನೇರ ಶೀಳ್ ರಸ್ತೆ ಹಿಡಿದು ಮುಂಬ್ರಾದ ಕಡೆ ಹೊರಟರು.

ಮುಂಬ್ರಾದ ಗುಡ್ಡ ಕಾಣುವ ಹೊತ್ತಿಗೆ ಪೆಟ್ರೋಲ್ ಮುಗಿಯುತ್ತ ಬಂದಿತ್ತು. ಪಂಪಿನವನು ಟ್ಯಾಂಕ್ ತುಂಬಿಸುತ್ತ, ಸುಮ್ಮನೆ ಬಾಯಿ ಮಾತಿಗೆ, “ಇತ್ನೀ ಧೂಪ್ ಮೇಂ ಕಿಧರ್ ನಿಕ್ಲೇ, ಚಾಚಾ?” ಎಂದು, ಇಷ್ಟು ಬಿಸಿಲಲ್ಲಿ ಹೊರಟದ್ದೆಲ್ಲಿಗೆ ಎಂದು ಕೇಳಿದ.

ರಾಯರ ಮುಖ ಅರಳಿತು. ಸ್ಕೂಟರನ್ನು ಅಲ್ಲೇ ಸ್ಟ್ಯಾಂಡಿಗೆ ಹಾಕಿ, ಇಳಿದು, “ಕ್ಯಾ ಹುವಾ ಮಾಲೂಮ್? ಗುರುವಾರ್ ಕೋ...” ಎಂದು ನಡೆದದ್ದನ್ನೆಲ್ಲ ಮೊದಲಿನಿಂದ ಶುರುಮಾಡಿದರು.

ಹಿಂದೆ ಸಾಲಿನಲ್ಲಿದ್ದ ಆರೇಳು ಗಾಡಿಗಳು ಒಟ್ಟಿಗೆ ಹಾರ್ನ್ ಹೊಡೆದವು.

“ಸೈಡ್ ಮೇಂ ಲೇಲೋ ಚಾಚಾ” ಎಂದ ಪಂಪಿನವನು, ಆಗಲೇ ಮುಂದಿನ ಬೈಕಿನ ಟ್ಯಾಂಕಿಗೆ ಪೈಪ್ ಹಾಕುತ್ತ.

ರಾಯರು ಸ್ಕೂಟರನ್ನು ಬದಿಗೆ ತಳ್ಳಿಕೊಂಡು ಹೋಗಿ ಮೀಟರ್ ನೋಡಿದರು. ಇನ್ನು ಎರಡು ಸಾವಿರದ ಒಂಬೈನೂರ ಅರವತ್ತಮೂರು ಕಿಲೋಮೀಟರ್ ಬಾಕಿ ಇತ್ತು.