ಲಗೂ ಬಂದ ಚೀಟಿ

ತೊಂದರೆ ಶುರುವಾದದ್ದು ಕಂಪ್ಯೂಟರ್ ಸರಿಹೋದದ್ದರಿಂದ. ಅದು ಕುಂಟುತ್ತಿದ್ದಷ್ಟು ದಿನ ಕಾಳಗಿಯ ಹೊಸಬೆಳಕು ಬೀಜ-ಗೊಬ್ಬರ ಸೊಸೈಟಿಯಲ್ಲಿ ಎಲ್ಲರೂ ನೆಮ್ಮದಿಯಿಂದಿದ್ದರು. ಬೆಳಿಗ್ಗೆ ಆಪರೇಟರ್ ದೇವಿಂದ್ರ ಗುಂಡಿ ಒತ್ತಿದರೆ ಅದು ಗುರುಗುಟ್ಟಿ, ಕೆಮ್ಮಿ, ಒಮ್ಮೆ ಆರಿ ಮತ್ತೆ ಹೊತ್ತಿ ಮೈಮುರಿದು ಏಳುವುದರೊಳಗೆ ಸೆಕ್ರೆಟರಿ ಗುರುಲಿಂಗಯ್ಯನವರ ಪೇಪರ್ ಓದುವುದು ಮುಗಿದಿರುತ್ತಿತ್ತು, ಗೋದಾಮಿನ ಮಜೀದಸಾಬನದು ಒಂದು ನಿದ್ದೆಯಾಗಿರುತ್ತಿತ್ತು. ರೈತರೂ ಇದಕ್ಕೆ ಒಗ್ಗಿಕೊಂಡಿದ್ದರು. ಕಿಟಕಿಯಲ್ಲಿ ಪಹಣಿ, ಆಧಾರ್ ಕೊಟ್ಟು, ಸಂತೆ ಮಾಡಿ, ಕಟಿಂಗ್ ಮಾಡಿಸಿಕೊಂಡು, ಬೀಗರ ಮನೆಯಲ್ಲಿ ಉಂಡು ಬಂದರೆ ಬೀಜದ ಚೀಟಿ ತಯಾರಿರುತ್ತಿತ್ತು.

ಹೊಸದಾಗಿ ಅಧ್ಯಕ್ಷರಾದ ತಮ್ಮಣ್ಣನವರಿಗೆ ಮಾತ್ರ ಕಾಳಗಿಯಲ್ಲಿ ಬೀಗರಿರಲಿಲ್ಲ. ಹೋದ ವಾರ ತಮ್ಮದೇ ಚೀಟಿಗಾಗಿ ಕಾದು ಕಾದು ಕೆಂಪಾದ ಅವರು, "ಸೋಮವಾರ ಬರ್ತೀನಿ. ಚೀಟಿ ಲಗೂ ಬರಲಿಲ್ಲಂದ್ರ ಈ ಹುಡುಗನ ಆರ್ಡರ್ ಮುಂದ ಹೋಗಾಂಗಿಲ್ಲ" ಎಂದು ಹೇಳಿ ಹೋಗಿದ್ದರು. ದೇವಿಂದ್ರನದು ವರ್ಷ ವರ್ಷ ಮುಂದುವರಿಸಿಕೊಳ್ಳುವ ನೌಕರಿ. ವಾಡಿಯಲ್ಲಿ ನೋಡಿಬಂದ ಹುಡುಗಿಯ ಮನೆಯವರು ಬೇರೆ, ಆರ್ಡರ್ ಕೈಗೆ ಬರಲಿ, ಆಮೇಲೆ ಮಾತಾಡೋಣ ಎಂದು ತಾಂಬೂಲದ ತಟ್ಟೆ ಮುಚ್ಚಿಟ್ಟಿದ್ದರು.

ಶಹಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಸಂಘಪಾಲ ಕೈಹಿಡಿದ. "ನಿಮ್ಮ ಮಷೀನ್ ಮುದುಕ ಆಗ್ಯದ. ಅದರ ತಲಿ ಮ್ಯಾಲ ದೊಡ್ಡ ಸಿಸ್ಟಂ ಹೊರಸೀರಿ. ಸಣ್ಣದೊಂದು ಲಿನಕ್ಸ್ ಹಾಕು, ಓಡ್ತದ" ಎಂದು ಪೆನ್ ಡ್ರೈವ್ ಕೊಟ್ಟ, ಹಾಕುವುದನ್ನೂ ಕಲಿಸಿದ. ಲಿನಕ್ಸ್ ಎಂಬ ಹೆಸರನ್ನು ದೇವಿಂದ್ರ ಕೇಳಿದ್ದು ಅದೇ ಮೊದಲು. ರವಿವಾರ ಕಚೇರಿಗೆ ಬಂದು ದೇವರ ಮೇಲೆ ಭಾರ ಹಾಕಿ ಹಾಕಿದ. ಮುದುಕ ಮಷೀನು ನಿಜವಾಗಿಯೂ ಓಡಿತು.

ಸೋಮವಾರ ಬೆಳಿಗ್ಗೆ ಗುರುಲಿಂಗಯ್ಯನವರು ಪೇಪರಿನ ಮೊದಲ ಪುಟ ಬಿಡಿಸುವಷ್ಟರಲ್ಲಿ ಕಂಪ್ಯೂಟರ್ ಎದ್ದು ಕುಳಿತಿತ್ತು. ಅವರು ಕನ್ನಡಕ ಮೇಲೇರಿಸಿ ನೋಡಿದರು. ಮೂವತ್ತು ವರ್ಷದ ನೌಕರಿಯಲ್ಲಿ ಸೊಸೈಟಿಯ ಯಾವ ಸಾಮಾನೂ ಅವರ ಕಣ್ಣೆದುರು ತಾನಾಗಿ ಸುಧಾರಿಸಿದ್ದಿಲ್ಲ.

"ಏನ್ ಮಾಡೀದಿ ಇದಕ್ಕ?"

"ಹೊಸ ಸಿಸ್ಟಂ ಹಾಕೀನ್ರಿ ಸರ್."

"ಹಳೇ ಡಬ್ಬಿ ಎಲ್ಲದ?"

"ಅದೇ ಡಬ್ಬಿ ಅದರಿ. ಒಳಗಿಂದಷ್ಟೇ ಬದಲಿ ಮಾಡೀನಿ."

ಒಳಗಿನದು ಎಂಬ ಮಾತು ಗುರುಲಿಂಗಯ್ಯನವರ ತಲೆಯಲ್ಲಿ ಕೂತುಬಿಟ್ಟಿತು. ಮಜೀದಸಾಬನನ್ನು ಕರೆದರು. ಹಿಂದೊಮ್ಮೆ ಗೊಬ್ಬರದ ಚೀಲ ಬಿದ್ದು ಡಬ್ಬಿಗೆ ಆಗಿದ್ದ ತಗ್ಗನ್ನು ಇಬ್ಬರೂ ಕೈಯಾಡಿಸಿ ನೋಡಿದರು. ತಗ್ಗು ಇತ್ತು. ಸ್ಕ್ರೂಡ್ರೈವರ್ ತರಿಸಿ ಮುಚ್ಚಳ ತೆಗೆಸಿದರು. ಒಳಗೆ ಧೂಳಿತ್ತು, ಒಂದು ಸತ್ತ ಜಿರಳೆಯಿತ್ತು. ಏನು ಕಳುವಾಗಿದೆ ಎಂದು ಹೇಳಲು, ಮೊದಲು ಏನಿತ್ತು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಅನುಮಾನ ಇದರಿಂದ ಇನ್ನಷ್ಟು ಬಲವಾಯಿತು.

"ಇದಕ್ಕ ರೊಕ್ಕ ಯಾರು ಕೊಟ್ರು?"

"ರೊಕ್ಕ ಇಲ್ರಿ ಸರ್. ಮುಫತ್ ಸಿಗ್ತದ."

ಹೇಳಬಾರದಿತ್ತು. ಗುರುಲಿಂಗಯ್ಯನವರ ಕಣ್ಣು ಸಣ್ಣಗಾದವು. "ಮುಫತ್ ಯಾರು ಕೊಡ್ತಾರೋ ತಮ್ಮಾ? ಯಾಕ ಕೊಡ್ತಾರ? ಅವರಿಗೇನು ಮನಿ-ಮಠ ಇಲ್ಲೇನು?"

"ಜಗತ್ತಿನ್ಯಾಗ ಭಾಳ ಮಂದಿ ಕೂಡಿ ಮಾಡ್ಯಾರಂತ್ರಿ. ಯಾರು ಬೇಕಾದ್ರೂ ತಗೋಬಹುದು."

"ಜಗತ್ತಿನ ಮಂದಿಗಿ ಕಾಳಗಿ ಸೊಸೈಟ್ಯಾಗ ಏನ್ ಕೆಲಸ?"

ಆಗಲೇ ಮಜೀದಸಾಬನ ಕಣ್ಣು ಪರದೆಯ ಮೇಲಿನ ಚಿತ್ರಕ್ಕೆ ಬಿತ್ತು. ಲಿನಕ್ಸಿನ ಗುರುತಾದ, ಬಿಳಿ ಹೊಟ್ಟೆಯ, ಹಳದಿ ಕಾಲಿನ ಪೆಂಗ್ವಿನ್ ಹಾಯಾಗಿ ಕುಳಿತಿತ್ತು. "ಸಾಬ್, ಈ ಪಕ್ಷಿ ನೋಡ್ರಿ. ನಾ ಅತ್ಲಾಗ ಹೋದ್ರೂ ನನ್ನೇ ನೋಡ್ತದ, ಇತ್ಲಾಗ ಬಂದ್ರೂ ನನ್ನೇ ನೋಡ್ತದ." ಗುರುಲಿಂಗಯ್ಯನವರೂ ಅತ್ತಿತ್ತ ಅಡ್ಡಾಡಿ ಪರೀಕ್ಷಿಸಿದರು. ಅವರನ್ನೂ ನೋಡಿತು. ಮಜೀದಸಾಬ ಹೆಗಲ ಮೇಲಿನ ಟವೆಲ್ ತೆಗೆದು ಪರದೆಗೆ ಹೊದಿಸಿದ. ಆಗಿನಿಂದ ಕಚೇರಿಯಲ್ಲಿ ಮಾತೆಲ್ಲ ಪಿಸುಮಾತಾಯಿತು. ಪಾಪ ದೇವಿಂದ್ರ ಟವೆಲಿನ ಅಂಚು ಎತ್ತಿ, ತಲೆ ಒಳಗೆ ತೂರಿಸಿ, ಆವಿ ಹಿಡಿಯುವ ನೆಗಡಿಯವನಂತೆ ಕೆಲಸ ಮಾಡತೊಡಗಿದ.

ಕಿಟಕಿಗೆ ಮೊದಲು ಬಂದವಳು ಭೀಮಬಾಯಿ, ತೊಗರಿ ಬೀಜಕ್ಕೆ. ಕಾಗದ ಕೊಟ್ಟು ಸಂತೆಯ ಕಡೆ ತಿರುಗಿದ್ದಳಷ್ಟೇ, ದೇವಿಂದ್ರ ಕೂಗಿ ಕರೆದು ಚೀಟಿ ಕೈಗಿತ್ತ. ಅವಳು ಬಿಸಿ ರೊಟ್ಟಿ ಹಿಡಿದವಳ ಹಾಗೆ ಅದನ್ನು ತುದಿಬೆರಳಲ್ಲಿ ಹಿಡಿದಳು.

"ಯಪ್ಪಾ, ಇದು ನಂದೇ ಏನು?"

"ನಿಮ್ದೇ ಅದರಿ ಆಯಿ. ಹೆಸರು ಓದಿಸ್ಕೋರಿ."

"ಹೆಸರು ನಂದೇ ಇರಬಹುದು. ಇಷ್ಟು ಲಗೂ ಬಂದದ್ದಕ್ಕ ಗೋದಾಮ್ನ್ಯಾಗ ಬೀಜ ಕೊಡ್ತಾರೇನು? ಇದು ಇರಲಿ, ಇನ್ನೊಂದು ನಿಧಾನಕ್ಕ ತೆಗಿ. ನಾ ಕುಂದರ್ತೀನಿ."

ಹಿಂದಿನ ಸಾಲಿನಿಂದಲೂ "ನಮ್ದೂ ನಿಧಾನಕ್ಕೇ ತೆಗೀರಿ" ಎಂಬ ದನಿಗಳೆದ್ದವು. ದೇವಿಂದ್ರ ಚೀಟಿಯನ್ನು ವಾಪಸು ಪಡೆದು, ಡ್ರಾದಲ್ಲಿಟ್ಟು, ಸುಮ್ಮನೆ ಕೀಲಿಮಣೆ ಕುಟ್ಟಿ, ಬಹಳ ಹೊತ್ತಾದ ಮೇಲೆ ಅದನ್ನೇ ಮತ್ತೆ ಕೊಟ್ಟ. "ಈಗ ಸರಿ ಬಂತು ನೋಡು" ಎಂದು ಅವಳು ಸೆರಗಿಗೆ ಕಟ್ಟಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಡ್ರಾ ತುಂಬ ಚೀಟಿ, ಹೊರಗೆ ಎಂದಿನಷ್ಟೇ ಜನ.

ತಮ್ಮಣ್ಣನವರು ಬಂದಾಗ ಗುರುಲಿಂಗಯ್ಯನವರು ಗೇಟಿನಲ್ಲೇ ಅವರ ಕಿವಿಗೆ ಬಾಯಿಟ್ಟು ಡಬ್ಬಿ, ಜಗತ್ತಿನ ಮಂದಿ, ಪಕ್ಷಿ ಎಲ್ಲವನ್ನೂ ಸುರಿದರು. ಅಧ್ಯಕ್ಷರು ಒಳಗೆ ಬಂದು ತಾವೇ ಟವೆಲ್ ಎಳೆದು ಹಾಕಿದರು. "ಬಂದ್ ಮಾಡಿ ಚಾಲೂ ಮಾಡು. ನನ್ನ ಚೀಟಿ ತೆಗಿ."

ದೇವಿಂದ್ರ ಆರಿಸಿ ಮತ್ತೆ ಗುಂಡಿ ಒತ್ತಿದ. ಮಷೀನು ಗುರುಗುಟ್ಟಲೂ ಇಲ್ಲ, ಕೆಮ್ಮಲೂ ಇಲ್ಲ. ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಚೀಟಿ ಅವರ ಮುಂದೆ ಬಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. ದೇವಿಂದ್ರನ ಕಣ್ಣಿಗೆ ವಾಡಿಯ ಹುಡುಗಿಯ ಮುಖ ಸ್ಪಷ್ಟವಾಗಿ ಬಂತು.

"ಹೊಸ ಸಾಮಾನು ಏನೂ ಹಾಕಿಲ್ಲ?"

"ಇಲ್ರಿ ಸಾಹೇಬ್ರ."

"ಎಷ್ಟು ಹೊತ್ತು ಹಿಡೀತು?"

"ಒಂದು ತಾಸೂ ಇಲ್ರಿ."

ಗುರುಲಿಂಗಯ್ಯನವರು ನಡುವೆ ಬಾಯಿ ಹಾಕಿದರು. "ಇವಗೇ ಗೊತ್ತಿಲ್ಲದ ಸಾಮಾನು ಹಾಕ್ಯಾನ್ರಿ. ನಾಳಿಗಿ ಲೆಕ್ಕ ಎಲ್ಲಾ ಹಾರಿಹೋದ್ರ ಯಾರು ಜವಾಬ್ದಾರ್ರು?"

ದೇವಿಂದ್ರನಿಗೆ ರೋಷ ಬಂತು. ಇಷ್ಟು ಗೆದ್ದ ಮೇಲೆ ಇದೊಂದಕ್ಕೆ ಸೋಲುವುದೇ? ಎದೆಯುಬ್ಬಿಸಿ ಹೇಳಿಬಿಟ್ಟ. "ಗೊತ್ತಿಲ್ಲದೇನ್ರಿ? ಕಾಲೇಜಿನ್ಯಾಗ ಇದ್ದಾಗಿಂದ ಗೊತ್ತದ. ಇದರಾಗ ನನ್ನ ಕೈ ಪಳಗ್ಯದರಿ."

ತಮ್ಮಣ್ಣನವರು ಚೀಟಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

"ಕಾಲೇಜಿನಿಂದ ಗೊತ್ತದ. ಮುಫತ್ ಸಿಗ್ತದ. ಒಂದು ತಾಸಿನ ಕೆಲಸ. ಮತ್ತ ಇಷ್ಟು ವರ್ಷ ರೈತರಿಗಿ ಯಾರ ಸಲುವಾಗಿ ಬಿಸಲಾಗ ಕುಂದರಿಸಿದ್ದಿ?"

ದೇವಿಂದ್ರನ ಎದೆಯೊಳಗಿನ ಗಾಳಿ ಇಳಿಯಿತು. "ಖರೇ ಹೇಳ್ತೀನ್ರಿ ಸಾಹೇಬ್ರ. ಮೊನ್ನಿ ತನಕಾ ಇದರ ಹೆಸರೇ ಕೇಳಿರಲಿಲ್ಲ."

"ನಾ ಮುಂಜಾನಿಂದ ಅದೇ ಹೇಳ್ಲಿಕತ್ತೀನಿ," ಎಂದರು ಗುರುಲಿಂಗಯ್ಯನವರು, ಬಹಳ ದಿನದ ಮೇಲೆ ಹೊಟ್ಟೆ ತುಂಬಿದವರ ಹಾಗೆ.

"ಗೊತ್ತಿತ್ತಂದ್ರ ಲುಚ್ಚಾ, ಗೊತ್ತಿರಲಿಲ್ಲಂದ್ರ ದಡ್ಡ," ಎಂದರು ತಮ್ಮಣ್ಣನವರು. "ಎರಡರಾಗ ಯಾವ್ದು, ನೀನೇ ಹೇಳು."

"ದಡ್ಡರಿ," ಎಂದ ದೇವಿಂದ್ರ ಮೆಲ್ಲಗೆ.

"ದಡ್ಡಗ ಆರ್ಡರ್ ಹ್ಯಾಂಗ ಕೊಡಲೋ? ಇರಲಿ, ಈಗ ಮಷೀನ್ ಓಡ್ತದ, ಯಾರು ಬಂದ್ರೂ ನಡೀತದ. ಹೊಸ ಆಪರೇಟರ್ ಬೇಕಾಗ್ಯಾರಂತ ಒಂದು ನೋಟಿಸ್ ಟೈಪ್ ಮಾಡಿ ಕೊಟ್ಟು ಹೋಗು."

ಹಳೆಯ ಸಿಸ್ಟಂ ಆಗಿದ್ದರೆ ಆ ನೋಟಿಸು ಹೊರಬರುವುದರೊಳಗೆ ಅಧ್ಯಕ್ಷರ ಸಿಟ್ಟು ಇಳಿದು, ಅವರೂರಿನ ಕೊನೆಯ ಬಸ್ಸಿನ ಹೊತ್ತಾಗಿ, ಸಹಿ ನಾಳೆಗೆ ಹೋಗಿರುತ್ತಿತ್ತು. ದೇವಿಂದ್ರ ಗುಂಡಿಯಿಂದ ಕೈ ತೆಗೆಯುವ ಮೊದಲೇ ಕಾಗದ ಹೊರಗೆ ಬಂದಿತ್ತು.